ಕೈಬಿಡದ ಮದರ್: ಕಲೌಪಾಪದ ದಾರಿಯಲ್ಲಿ

ಮೊಲೊಕಾಯಿ ದ್ವೀಪದಲ್ಲಿ ಒಂದೂ ಟ್ರಾಫಿಕ್ ಸಿಗ್ನಲ್ ಇಲ್ಲ. ಹವಾಯಿಯ ರಾಜಧಾನಿ ಹೊನೊಲುಲುವಿನಿಂದ ಹೊರಟ ಪುಟ್ಟ ವಿಮಾನ ಅರ್ಧ ಗಂಟೆಯಲ್ಲಿ ಇಲ್ಲಿಗೆ ತಲುಪುತ್ತದೆ. ಇಳಿದ ನಿಲ್ದಾಣ ನಮ್ಮ ಕಡೆಯ ತಾಲ್ಲೂಕು ಬಸ್ ಸ್ಟ್ಯಾಂಡಿನಷ್ಟೂ ಗದ್ದಲದ್ದಲ್ಲ. ಇಡೀ ದ್ವೀಪದ ಜನಸಂಖ್ಯೆ ಏಳು ಸಾವಿರದ ಆಸುಪಾಸು. ಬಾಡಿಗೆ ಕಾರು ಹಿಡಿದು ಉತ್ತರಕ್ಕೆ ಏರಿದರೆ ರಸ್ತೆ ಪಾಲಾಔ ಉದ್ಯಾನದಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಗಾಳಿಮರಗಳ ತೋಪು, ಉದುರಿದ ಸೂಜಿಎಲೆಗಳ ಮೇಲೆ ನಾಲ್ಕು ಹೆಜ್ಜೆ, ಒಂದು ಕಟ್ಟೆಗೋಡೆ. ಗೋಡೆಯಾಚೆ ನೆಲವೇ ಇಲ್ಲ.

ಸಾವಿರದ ಐನೂರು ಅಡಿಗೂ ಹೆಚ್ಚು ಕೆಳಗೆ, ಕಡಲಿನೊಳಗೆ ನಾಲಿಗೆ ಚಾಚಿದಂತೆ, ಸಪಾಟಾದ ಹಸಿರು ನೆಲ. ಮೂರು ಕಡೆ ಪೆಸಿಫಿಕ್ ಸಾಗರ, ನಾಲ್ಕನೆಯ ಕಡೆ ಈ ಕಡಿದಾದ ಬಂಡೆ. ಇದೇ ಸಾಲಿನಲ್ಲಿ ಪೂರ್ವಕ್ಕೆ ಹೋದಂತೆ ಬಂಡೆಗಳು ಮೂರು ಸಾವಿರ ಅಡಿ ದಾಟುತ್ತವೆ. ಸಮುದ್ರದಿಂದ ನೇರ ಎದ್ದು ನಿಂತ ಬಂಡೆಗಳಲ್ಲಿ ಜಗತ್ತಿನಲ್ಲೇ ಎತ್ತರದವು ಎಂದು ಇವಕ್ಕೆ ಹೆಸರು. ಕೆಳಗಿನ ನೆಲದಲ್ಲಿ ಒಂದಿಷ್ಟು ಬಿಳಿ ಚುಕ್ಕೆಗಳು: ಮನೆಗಳು, ಚರ್ಚು, ಒಂದು ಸಣ್ಣ ರನ್‌ವೇ, ಮತ್ತು ಸಮಾಧಿಗಳು. ಅದೇ ಕಲೌಪಾಪ.

ನೋಡಲು ಇಷ್ಟು ಚೆಂದದ ಜಾಗವನ್ನು ಹವಾಯಿ ಸರ್ಕಾರ ಆರಿಸಿಕೊಂಡದ್ದು ಚೆಂದಕ್ಕಲ್ಲ, ತಪ್ಪಿಸಿಕೊಂಡು ಹೋಗಲಾಗದ ಜಾಗವೆಂದು. 1865ರಲ್ಲಿ ಐದನೆಯ ಕಮೆಹಮೆಹಾ ದೊರೆಯ ಕಾಲದಲ್ಲಿ ಕುಷ್ಠರೋಗ ಹರಡದಂತೆ ತಡೆಯುವ ಕಾಯಿದೆ ಬಂತು. 1866ರ ಜನವರಿ 6ರಂದು ಮೊದಲ ತಂಡದ ಹನ್ನೆರಡು ಜನರನ್ನು ಹಡಗಿನಲ್ಲಿ ತಂದು ಇಲ್ಲಿ ಬಿಟ್ಟರು. ಅವರಿಗಾಗಿ ಜಾಗ ಖಾಲಿ ಮಾಡಿಸುವಾಗ, ನೂರಾರು ವರ್ಷಗಳಿಂದ ಗೆಣಸು ಬೆಳೆದುಕೊಂಡಿದ್ದ ಮೂಲ ಹವಾಯಿಯನ್ನರನ್ನು ಎಬ್ಬಿಸಿದರು. 1969ರಲ್ಲಿ ಕಾಯಿದೆ ರದ್ದಾಗುವ ಹೊತ್ತಿಗೆ ಸುಮಾರು 8,000 ಜನ ಈ ನಾಲಿಗೆಯ ಮೇಲೆ ಬಂದಿಳಿದಿದ್ದರು. ಬಹುಪಾಲು ಜನ ಇಲ್ಲೇ ಮಣ್ಣಾದರು.

ಈ ಕಟ್ಟೆಗೋಡೆಯ ಬಳಿ ನಿಲ್ಲುವ ಪ್ರವಾಸಿಗಳನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಒಂದೇ ಹೆಸರು ಹೇಳಿಯಾರು: ಫಾದರ್ ಡೇಮಿಯನ್. ಬೆಲ್ಜಿಯಂನ ರೈತ ಕುಟುಂಬದ ಹುಡುಗ, 1873ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದವರು, ರೋಗಿಗಳ ನಡುವೆಯೇ ಉಳಿದು, ಅದೇ ರೋಗ ಹಿಡಿದು, 1889ರ ಏಪ್ರಿಲ್ 15ರಂದು ನಲವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡವರು. ಅವರ ಕಥೆಯಲ್ಲಿ ನಾಟಕವಿದೆ, ತ್ಯಾಗವಿದೆ, ಎದೆ ಹಿಂಡುವ ಸಾವಿದೆ. ಹೊನೊಲುಲುವಿನ ಶಾಸನಸಭೆಯ ಮುಂದೆಯೇ ಅವರ ಪ್ರತಿಮೆ ನಿಂತಿದೆ.

ಈ ಬರಹ ಅವರ ಬಗ್ಗೆ ಅಲ್ಲ. ಅವರು ಸಾಯುವ ಐದು ತಿಂಗಳ ಮುಂಚೆ ಕಲೌಪಾಪಕ್ಕೆ ಬಂದು, ಅವರಂತೆ ರೋಗ ತಗುಲಿಸಿಕೊಳ್ಳದೆ, ಮುಂದೆ ಮೂವತ್ತು ವರ್ಷ ಗಾಯ ತೊಳೆದು, ಬಟ್ಟೆ ಹೊಲಿದು, ಲೆಕ್ಕ ಬರೆದು, ಸರ್ಕಾರಕ್ಕೆ ಅರ್ಜಿ ಹಾಕಿ, ಎಂಬತ್ತನೆಯ ವಯಸ್ಸಿನಲ್ಲಿ ಮುಪ್ಪಿನಿಂದ ತೀರಿಕೊಂಡ ಒಬ್ಬ ಹೆಂಗಸಿನ ಬಗ್ಗೆ. ಮದರ್ ಮರಿಯಾನ್ ಕೋಪ್. ಆರೈಕೆ ಮಾಡುತ್ತಲೇ ಸತ್ತವರನ್ನು ಜಗತ್ತು ನೆನೆಯುತ್ತದೆ. ಆರೈಕೆ ಮಾಡುತ್ತಲೇ ಬದುಕಿದವರನ್ನು ನೆನೆಯಲು ಅದಕ್ಕೆ ಅಷ್ಟಾಗಿ ಬಾರದು.

ಅವರ ಜಾಡು ಹಿಡಿಯಬೇಕೆಂದರೆ ಮೊಲೊಕಾಯಿಯಿಂದ ಹಿಂದಕ್ಕೆ, ಹೊನೊಲುಲುವಿನ ಫೋರ್ಟ್ ಬೀದಿಗೆ ಹೋಗಬೇಕು. ಬ್ಯಾಂಕುಗಳು, ಕಾಫಿ ಅಂಗಡಿಗಳು, ನೆರಳಿನಲ್ಲಿ ಮಲಗಿದ ನಿರ್ಗತಿಕರು, ಇವುಗಳ ನಡುವೆ ಅವರ್ ಲೇಡಿ ಆಫ್ ಪೀಸ್ ಕೆಥೆಡ್ರಲ್. ಡೇಮಿಯನ್‌ಗೆ 1864ರಲ್ಲಿ ಪಾದ್ರಿ ದೀಕ್ಷೆಯಾದದ್ದು ಇಲ್ಲೇ. 1883ರ ನವೆಂಬರ್ 8ರಂದು ಈ ಚರ್ಚಿನ ಗಂಟೆಗಳು ಬಿಡದೆ ಮೊಳಗಿದವು. ಬಂದರಿನೊಳಕ್ಕೆ ‘ಮರಿಪೋಸಾ’ ಹಡಗು ಬರುತ್ತಿತ್ತು. ಅದರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನ ಏಳು ಮಂದಿ ಫ್ರಾನ್ಸಿಸ್ಕನ್ ಸಿಸ್ಟರ್‌ಗಳಿದ್ದರು. ಅವರ ಮುಖ್ಯಸ್ಥೆ ಮರಿಯಾನ್‌ಗೆ ಆಗ ನಲವತ್ತೈದು ವರ್ಷ.

ಗಂಟೆ ಬಾರಿಸಲು ಕಾರಣವಿತ್ತು. ಕಲಾಕೌವಾ ದೊರೆಯ ಪರವಾಗಿ ಒಬ್ಬ ಪಾದ್ರಿ ಐವತ್ತಕ್ಕೂ ಹೆಚ್ಚು ಧಾರ್ಮಿಕ ಸಂಸ್ಥೆಗಳ ಬಾಗಿಲು ತಟ್ಟಿದ್ದರು: ರೋಗಿಗಳನ್ನು ನೋಡಿಕೊಳ್ಳಲು ಯಾರನ್ನಾದರೂ ಕಳಿಸಿ. ಎಲ್ಲ ಕಡೆಯಿಂದಲೂ ಆಗುವುದಿಲ್ಲವೆಂಬ ಉತ್ತರ. ಮರಿಯಾನ್ ಮಾತ್ರ ಒಪ್ಪಿದರು, ತನಗೆ ಯಾವ ರೋಗದ ಭಯವೂ ಇಲ್ಲವೆಂದು ಬರೆದರು. ಅವರ ಮಠದಲ್ಲಿ ಮೂವತ್ತೈದು ಮಂದಿ ತಾವೂ ಬರುತ್ತೇವೆಂದು ಕೈ ಎತ್ತಿದರಂತೆ; ಆರು ಜನರನ್ನು ಆರಿಸಿಕೊಂಡರು. ಅವರ ಮನಸ್ಸಿನಲ್ಲಿದ್ದದ್ದು ಇವರನ್ನು ಒಂದು ನೆಲೆಗೆ ಹಚ್ಚಿ ತಾನು ಹಿಂದಿರುಗುವುದು. ಸಿರಕ್ಯೂಸಿಗೆ ಅವರು ಮತ್ತೆ ಹೋಗಲೇ ಇಲ್ಲ.

ಅವರು ಹುಟ್ಟಾ ಅಮೆರಿಕನ್ ಅಲ್ಲ. 1838ರ ಜನವರಿ 23ರಂದು ಜರ್ಮನಿಯ ಹೆಪ್ಪನ್‌ಹೈಮ್‌ನಲ್ಲಿ ಹುಟ್ಟಿದಾಗ ಬಾರ್ಬರಾ ಕೋಬ್ ಎಂಬ ಹೆಸರು. ಮಗುವಾಗಿದ್ದಾಗಲೇ ಮನೆಯವರು ನ್ಯೂಯಾರ್ಕ್ ರಾಜ್ಯದ ಯೂಟಿಕಾಕ್ಕೆ ವಲಸೆ ಹೋದರು. ಅಪ್ಪ ಕಾಯಿಲೆ ಬಿದ್ದಾಗ ಹುಡುಗಿ ಎಂಟನೇ ತರಗತಿಗೇ ಶಾಲೆ ಬಿಟ್ಟು ಬಟ್ಟೆ ಗಿರಣಿಗೆ ಸೇರಿದಳು. ಮಠ ಸೇರುವ ಆಸೆಯನ್ನು ಒಂಬತ್ತು ವರ್ಷ ಗಂಟು ಕಟ್ಟಿ ಇಟ್ಟು ತಮ್ಮತಂಗಿಯರನ್ನು ಸಾಕಿದಳು. 1862ರಲ್ಲಿ ಅಪ್ಪ ತೀರಿಕೊಂಡ ಮೇಲೆ, ಇನ್ನು ಚಿಕ್ಕವರು ತಮ್ಮ ಕಾಲ ಮೇಲೆ ನಿಲ್ಲಬಲ್ಲರು ಎನ್ನಿಸಿದಾಗಲೇ ಹೊರಟದ್ದು. ಅಂದರೆ ನರ್ಸಿಂಗ್‌ಗಿಂತ, ಮಠಕ್ಕಿಂತ ಮೊದಲು ಈಕೆ ಕಲಿತದ್ದು ಮನೆಯೊಳಗಿನ ಆರೈಕೆ, ಗಿರಣಿಯ ಶಿಸ್ತು, ಮತ್ತು ಬಟ್ಟೆ. ಮೂರೂ ಮುಂದೆ ಕೆಲಸಕ್ಕೆ ಬಂದವು.

ಸಿರಕ್ಯೂಸಿನ ಸೇಂಟ್ ಜೋಸೆಫ್ ಆಸ್ಪತ್ರೆ ಶುರುವಾದದ್ದು 1869ರಲ್ಲಿ. ಅದನ್ನು ಕಟ್ಟುವುದರಲ್ಲಿ ಕೈಜೋಡಿಸಿದವರು, ಮುಂದೆ ಏಳು ವರ್ಷ ಅದನ್ನು ನಡೆಸಿದವರು ಮರಿಯಾನ್. ಅಲ್ಲಿ ಜಾತಿ, ಬಣ್ಣ, ಧರ್ಮ ಕೇಳುತ್ತಿರಲಿಲ್ಲ; ಕುಡುಕರನ್ನೂ ಒಳಗೆ ಸೇರಿಸಿಕೊಂಡು ಊರಿನವರಿಂದ ಬೈಸಿಕೊಂಡರು. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಆಸ್ಪತ್ರೆಗೆ ಬಂದು ಕಲಿಯಲಿ ಎಂದು ಒಪ್ಪಿದಾಗ ಅವರು ಹಾಕಿದ ಷರತ್ತು ಆ ಕಾಲಕ್ಕೆ ವಿಚಿತ್ರ: ವಿದ್ಯಾರ್ಥಿಗಳ ಮುಂದೆ ತನ್ನ ಮೈ ತೋರಿಸುವುದೋ ಬೇಡವೋ ಎಂಬುದನ್ನು ರೋಗಿಯೇ ಹೇಳಬೇಕು. ಇಂದಿಗೂ ನಮ್ಮ ದೊಡ್ಡಾಸ್ಪತ್ರೆಗಳ ಜನರಲ್ ವಾರ್ಡಿನಲ್ಲಿ, ಹಾಸಿಗೆಯ ಸುತ್ತ ಹತ್ತು ವಿದ್ಯಾರ್ಥಿಗಳು ಮುತ್ತಿಕೊಂಡಾಗ, ಈ ಪ್ರಶ್ನೆ ಕೇಳುವವರು ಎಷ್ಟು ಮಂದಿ?

ಹೊನೊಲುಲುವಿನಲ್ಲಿ ಅವರಿಗೆ ಒಪ್ಪಿಸಿದ್ದು ಕಾಕಾಕೊ ಎಂಬಲ್ಲಿನ ಆಸ್ಪತ್ರೆ. ಎಲ್ಲ ದ್ವೀಪಗಳಿಂದ ಹಿಡಿದು ತಂದವರನ್ನು ಮೊಲೊಕಾಯಿಗೆ ಸಾಗಿಸುವ ಮುಂಚೆ ಇರಿಸುತ್ತಿದ್ದ ಜಾಗ. ನೂರು ಜನಕ್ಕೆ ಕಟ್ಟಿದ್ದರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಇದ್ದರು. ಸಿಸ್ಟರ್‌ಗಳ ಮೊದಲ ಕೆಲಸ ಔಷಧ ಕೊಡುವುದಲ್ಲ, ನೆಲ ಉಜ್ಜುವುದು. ಮರಿಯಾನ್‌ಗೆ ನೆಲದ ಕೊಳೆಗಿಂತ ದೊಡ್ಡದಾಗಿ ಕಂಡದ್ದು ಅಲ್ಲಿನ ಮೇಲ್ವಿಚಾರಕ ರೋಗಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿ. ಆತ ಇರಬೇಕು ಇಲ್ಲವೇ ತಾನಿರಬೇಕು ಎಂದು ಸರ್ಕಾರಕ್ಕೆ ಖಡಾಖಂಡಿತ ಹೇಳಿದರು. ಆತ ಹೋದ, ಆಸ್ಪತ್ರೆಯ ಪೂರ್ತಿ ಹೊಣೆ ಇವರ ಕೈಗೆ ಬಂತು. ಕರುಣೆಯೆಂದರೆ ಮೆತ್ತಗಿರುವುದು ಎಂದುಕೊಂಡವರು ಈ ಪ್ರಸಂಗವನ್ನು ನೋಡಬೇಕು. ಗದರುವ ಜಾಗದಲ್ಲಿ ಗದರದ ದಾದಿಯಿಂದ ರೋಗಿಗೆ ಏನೂ ಉಪಯೋಗವಿಲ್ಲ.

ಅದೇ ಹೊತ್ತಿನಲ್ಲಿ ಮರಿಯಾನ್ ಮಾವಿ ದ್ವೀಪದಲ್ಲಿ ಒಂದು ಸಾರ್ವಜನಿಕ ಆಸ್ಪತ್ರೆ ಶುರುಮಾಡಿದರು. 1885ರಲ್ಲಿ ಕಪಿಯೊಲಾನಿ ರಾಣಿಯ ಹೆಸರಿನಲ್ಲಿ ರೋಗಿಗಳ ಹೆಣ್ಣುಮಕ್ಕಳಿಗೆ ಒಂದು ನಿಲಯ ತೆರೆದರು. ಮಕ್ಕಳಿಗೆ ರೋಗವಿರಲಿಲ್ಲ, ಆದರೆ ಅಪ್ಪ ಅಮ್ಮನಿಗೆ ಇದೆಯೆಂಬ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳುವ ಮನೆಯಿರಲಿಲ್ಲ. ದೊರೆ ಆ ವರ್ಷ ಮರಿಯಾನ್‌ಗೆ ಪದಕ ತೊಡಿಸಿದ. ಮರುವರ್ಷ, ತನಗೂ ರೋಗ ತಗುಲಿದೆ ಎಂದು ಖಚಿತವಾಗಿದ್ದ ಡೇಮಿಯನ್ ಚಿಕಿತ್ಸೆಗೆಂದು ಹೊನೊಲುಲುವಿಗೆ ಬಂದರು. ಎಲ್ಲರೂ ದೂರ ಸರಿದಾಗ ಅವರನ್ನು ಬರಮಾಡಿಕೊಂಡು ನೋಡಿಕೊಂಡವರು ಕಾಕಾಕೊದ ಈ ಸಿಸ್ಟರ್‌ಗಳು.

ಇಂದಿನ ಕಾಕಾಕೊದಲ್ಲಿ ಆ ಆಸ್ಪತ್ರೆಯ ಕುರುಹು ಹುಡುಕಿದರೆ ಸಿಗದು. ಗಾಜಿನ ಅಪಾರ್ಟ್‌ಮೆಂಟ್ ಗೋಪುರಗಳು, ಗೋಡೆಗಳ ತುಂಬ ಬಣ್ಣಬಣ್ಣದ ಚಿತ್ರಗಳು, ಸಂಜೆ ಸರ್ಫಿಂಗ್ ಹಲಗೆ ಹೊತ್ತು ಓಡಾಡುವ ಹುಡುಗರು. ಕೆವಾಲೊ ಉದ್ಯಾನದಲ್ಲಿ ಕಡಲಿನ ಪಕ್ಕ ಅವರ ಪ್ರತಿಮೆಯೊಂದಿದೆ, 2010ರಲ್ಲಿ ಅವರ ಹುಟ್ಟಿದ ದಿನ ಅನಾವರಣಗೊಂಡದ್ದು. ಶಾಸನಸಭೆಯ ಎದುರಿನ ಡೇಮಿಯನ್‌ಗೆ ಸಿಗುವಷ್ಟು ಕ್ಯಾಮೆರಾಗಳು ಇದಕ್ಕೆ ಸಿಗುವುದಿಲ್ಲ.

ಮತ್ತೆ ಬಂಡೆಯ ನೆತ್ತಿಗೆ. ಕೆಳಗಿಳಿಯುವ ಕಾಲುದಾರಿ ಮೂರು ಮೈಲಿ, ಇಪ್ಪತ್ತಾರು ತಿರುವು. ದಶಕಗಳ ಕಾಲ ಪ್ರವಾಸಿಗಳು ಹೇಸರಗತ್ತೆಯ ಮೇಲೆ ಕುಳಿತು ಇಳಿಯುತ್ತಿದ್ದರು. 2018ರ ಕೊನೆಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿತು. ವಾಹನ ಇಳಿಯುವ ರಸ್ತೆ ಎಂದೂ ಇರಲಿಲ್ಲ. ಅಕ್ಕಿಯಿಂದ ಹಿಡಿದು ಫ್ರಿಜ್ಜು, ಸಿಮೆಂಟಿನವರೆಗೆ ಭಾರದ ಸಾಮಾನೆಲ್ಲ ವರ್ಷಕ್ಕೊಮ್ಮೆ, ಕಡಲು ಶಾಂತವಾಗಿರುವ ಬೇಸಿಗೆಯಲ್ಲಿ, ದೊಡ್ಡ ದೋಣಿಯಲ್ಲಿ ಬರುತ್ತದೆ. 1980ರಿಂದ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಇಲ್ಲೇ ಇರುತ್ತೇವೆಂದ ಹಳೆಯ ರೋಗಿಗಳಿಗೆ ಕೊನೆಯುಸಿರಿನವರೆಗೆ ಇಲ್ಲಿರುವ ಹಕ್ಕಿದೆ. ಅವರ ಸಂಖ್ಯೆ ಈಗ ಬೆರಳೆಣಿಕೆಗೆ ಇಳಿದಿದೆ. ಯಾವತ್ತೋ ಗುಣವಾದವರು ಅವರು. ಬಾಗಿಲು ತೆರೆದ ಮೇಲೆ ಹೊರಗೆ ಹೋಗಲು ಮನೆ ಎಂಬುದು ಎಲ್ಲಿ ಉಳಿದಿತ್ತು?

ಊರೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ನಿಶ್ಶಬ್ದವಲ್ಲ, ಗಾಳಿ. ಈಶಾನ್ಯದಿಂದ ಬೀಸುವ ಗಾಳಿಗೆ ಇಲ್ಲಿ ರಜೆಯಿಲ್ಲ. ಪೂರ್ವದ ಕಲವಾವೊ ತೀರದಲ್ಲಿ, ಮೊದಲು ರೋಗಿಗಳನ್ನು ಇಳಿಸಿದ ಕಡೆ, ಅದು ಇನ್ನೂ ಜೋರು, ಮಳೆಯೂ ಜಾಸ್ತಿ. ಅಲ್ಲಿ ಡೇಮಿಯನ್ ದೊಡ್ಡದು ಮಾಡಿ ಕಟ್ಟಿದ ಸೇಂಟ್ ಫಿಲೊಮಿನಾ ಚರ್ಚಿದೆ. ಬಂದ ಹೊಸತರಲ್ಲಿ ಅವರು ಮಲಗುತ್ತಿದ್ದದ್ದು ಪಕ್ಕದ ಹಾಲಾ ಮರದ ಕೆಳಗೆ. ನಮ್ಮ ಕೇದಗೆಯ ಜಾತಿಯ ಮರ ಅದು. ಸತ್ತ ಮೇಲೆ ಹೂತದ್ದೂ ಅಲ್ಲೇ. 1936ರಲ್ಲಿ ಬೆಲ್ಜಿಯಂ ಸರ್ಕಾರ ದೇಹವನ್ನು ತನ್ನ ನಾಡಿಗೆ ತರಿಸಿಕೊಂಡಿತು. 1995ರಲ್ಲಿ ಬಲಗೈ ಮಾತ್ರ ಹಿಂದಕ್ಕೆ ಬಂತು, ಕಲವಾವೊದ ಹಳೆಯ ಗುಂಡಿಗೆ.

ಡೇಮಿಯನ್‌ಗೂ ಮರಿಯಾನ್‌ಗೂ ಮೊದಲು ಇಲ್ಲಿ ಆರೈಕೆ ಮಾಡುವವರು ಇರಲಿಲ್ಲ ಎಂದುಕೊಂಡರೆ ತಪ್ಪು. ಹವಾಯಿಯನ್ನರೇ ಇದ್ದರು. ಗಂಡನನ್ನು ಹಡಗು ಹತ್ತಿಸಿದಾಗ ಹೆಂಡತಿ, ಮಗನನ್ನು ಹತ್ತಿಸಿದಾಗ ತಾಯಿ, ತಮಗೆ ರೋಗವಿಲ್ಲದಿದ್ದರೂ ಜೊತೆಗೆ ಹತ್ತಿಬಿಡುತ್ತಿದ್ದರು. ಅಂಥವರನ್ನು ‘ಕೋಕುವಾ’ ಎಂದು ಕರೆಯುತ್ತಿದ್ದರು. ಅವರಲ್ಲಿ ಹೆಸರು ಉಳಿದ ಒಬ್ಬ ಜೊನಾಥನ್ ನಪೆಲಾ. ಓದಿದವನು, ಹಿಂದೆ ನ್ಯಾಯಾಧೀಶನಾಗಿದ್ದವನು, ಮಾರ್ಮನ್ ಧರ್ಮಗ್ರಂಥವನ್ನು ಹವಾಯಿ ಭಾಷೆಗೆ ತರುವ ಕೆಲಸದಲ್ಲಿ ನೆರವಾದವನು. ಹೆಂಡತಿ ಕಿಟಿಗೆ ರೋಗ ಬಂದಾಗ 1873ರಲ್ಲಿ ಅವಳ ಜೊತೆ ಕಲೌಪಾಪಕ್ಕೆ ನಡೆದ. ಕೆಲಕಾಲ ಊರಿನ ಮೇಲ್ವಿಚಾರಣೆಯೂ ಅವನದೇ ಆಗಿತ್ತು. ಕ್ಯಾಥೊಲಿಕ್ ಡೇಮಿಯನ್ ಮತ್ತು ಮಾರ್ಮನ್ ನಪೆಲಾ ಒಳ್ಳೆಯ ಗೆಳೆಯರು. ಕೊನೆಗೆ ಅವನಿಗೂ ರೋಗ ತಗುಲಿತು. 1879ರ ಆಗಸ್ಟ್‌ನಲ್ಲಿ ಸೇವೆಗೆ ಬಂದ ಗಂಡ ಮೊದಲು ಹೋದ. ಹೆಂಡತಿ ಅವನ ಹಿಂದೆಯೇ ಹೋದಳು. ಇಂಥ ನೂರಾರು ನಪೆಲಾಗಳು ಇಲ್ಲಿ ಬಂದು ಹೋಗಿದ್ದಾರೆ. ಅವರಿಗೆ ಸಂತ ಪದವಿ ಕೊಡಿಸಲು ಅರ್ಜಿ ಬರೆಯುವವರು ಯಾರೂ ಇರಲಿಲ್ಲ.

ಮರಿಯಾನ್ 1888ರ ನವೆಂಬರ್ 14ರಂದು ಇಬ್ಬರು ಸಿಸ್ಟರ್‌ಗಳ ಜೊತೆ ಇಳಿದದ್ದು ಕಲವಾವೊದಲ್ಲಲ್ಲ, ಪಶ್ಚಿಮದ ಕಲೌಪಾಪ ಬದಿಯಲ್ಲಿ. ಹೆಂಗಸರಿಗೂ ಹುಡುಗಿಯರಿಗೂ ಅಲ್ಲಿ ಬಿಷಪ್ ಹೋಮ್ ಎಂಬ ನಿಲಯ ಎದ್ದಿತ್ತು. ಹಣ ಕೊಟ್ಟವನು ಚಾರ್ಲ್ಸ್ ಬಿಷಪ್ ಎಂಬ ಬ್ಯಾಂಕಿನ ಸಾಹುಕಾರ. ಕಾನೂನು ಸಡಿಲವಾಗಿದ್ದ ಆ ಊರಿನಲ್ಲಿ ಒಂಟಿ ಹುಡುಗಿಯರ ಪಾಡು ಹೇಳುವಂತಿರಲಿಲ್ಲ. ಹಾಗಾಗಿ ಅವರು ಕಟ್ಟಿದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಒಂದು ಮನೆ: ಬೀಗ ಹಾಕಬಹುದಾದ ಬಾಗಿಲು, ಸುತ್ತ ಬೇಲಿ, ಅಂಗಳದಲ್ಲಿ ಹಣ್ಣಿನ ಗಿಡ, ಹೂವಿನ ಮಡಿ.

ಜೊತೆಗೆ ಬಂದ ಸಿಸ್ಟರ್ ಲಿಯೊಪೊಲ್ಡಿನಾ ಬರೆದಿಟ್ಟ ನೆನಪುಗಳಿಂದಾಗಿ ಆ ಮನೆಯ ದಿನಚರಿ ನಮಗೆ ಗೊತ್ತು. ಕಲೌಪಾಪಕ್ಕೆ ಹೊರಡುವ ಮುಂಚೆ ಈ ಎಳೆಯ ಸಿಸ್ಟರ್ ಕೇಳಿದಳಂತೆ: ನನಗೂ ಈ ರೋಗ ಬಂದರೆ ಏನು ಮಾಡುತ್ತೀರಿ? ನಿನಗೂ ಬರುವುದಿಲ್ಲ, ನಮ್ಮ ಯಾವ ಸಿಸ್ಟರಿಗೂ ಬರುವುದಿಲ್ಲ ಎಂದು ಮದರ್ ಉತ್ತರಿಸಿದರು. ಬರಲಿಲ್ಲ. ಅವರ ಕಾಲದಲ್ಲಷ್ಟೇ ಅಲ್ಲ, ಮುಂದೆಯೂ.

ಭಕ್ತರಿಗೆ ಇದು ಪವಾಡ. ಇಂದಿನ ವಿಜ್ಞಾನಕ್ಕೆ ಇದರಲ್ಲಿ ಅಚ್ಚರಿ ಕಡಿಮೆ: ಕುಷ್ಠ ಸುಲಭವಾಗಿ ಅಂಟುವ ರೋಗವಲ್ಲ, ಜಗತ್ತಿನ ನೂರಕ್ಕೆ ತೊಂಬತ್ತೈದು ಮಂದಿಗೆ ಅದನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಆದರೆ ಅದು ಆಗ ಯಾರಿಗೂ ತಿಳಿದಿರಲಿಲ್ಲ. ನಾರ್ವೆಯ ಹ್ಯಾನ್ಸನ್ ಈ ರೋಗಾಣುವನ್ನು ಗುರುತಿಸಿದ್ದೇ 1873ರಲ್ಲಿ. ಮರಿಯಾನ್ ದೇವರ ಮೇಲೆ ಭಾರ ಹಾಕಿ ಸುಮ್ಮನೆ ಕೂರಲೂ ಇಲ್ಲ. ಗಾಯ ಕಟ್ಟಿದ ಪ್ರತಿ ಸಲವೂ ಕೈ ತೊಳೆಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ದಾದಿ ಬದುಕಿದರೆ ತಾನೇ ನಾಳೆಯೂ ಗಾಯ ಕಟ್ಟುವುದು! ಡೇಮಿಯನ್ ರೋಗಿಗಳೊಡನೆ ಒಂದೇ ಪಾತ್ರೆಯಿಂದ ಪೊಯ್ ಎಂಬ ಕೆಸುಗೆಡ್ಡೆಯ ಅಂಬಲಿ ಉಂಡರು, ಒಂದೇ ಪೈಪು ಸೇದಿದರು, ಅವರೊಳಗೊಬ್ಬರಾದರು. ಮರಿಯಾನ್ ಸೋಪು ನೀರು ಇಟ್ಟುಕೊಂಡು ಅವರಿಗಾಗಿ ಉಳಿದರು. ಎರಡರಲ್ಲಿ ಯಾವುದು ದೊಡ್ಡದು ಎಂಬ ತಕ್ಕಡಿ ಬೇಡ. ಆದರೆ ಕಥೆ ಹೇಳುವವರು ಮೊದಲನೆಯದನ್ನೇ ಆರಿಸುವುದು ಮಾತ್ರ ಸತ್ಯ.

ಡೇಮಿಯನ್ ತೀರಿಕೊಂಡ ತಿಂಗಳಿಗೆ, 1889ರ ಮೇನಲ್ಲಿ, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಕಲೌಪಾಪಕ್ಕೆ ಬಂದು ವಾರದಷ್ಟು ದಿನ ಉಳಿದ. ತಾನೂ ಶ್ವಾಸಕೋಶದ ಕಾಯಿಲೆಯ ಮನುಷ್ಯ. ಬಿಷಪ್ ಹೋಮಿನ ಹುಡುಗಿಯರೊಡನೆ ಅಂಗಳದಲ್ಲಿ ಕ್ರೋಕೆ ಆಡಿದ. ಮರದ ಸುತ್ತಿಗೆಯಿಂದ ಚೆಂಡು ಉರುಳಿಸುವ ಆಟ ಅದು. ಮದರ್‌ಗೆಂದು ಎಂಟು ಸಾಲಿನ ಒಂದು ಕವಿತೆ ಬರೆದ. ಹಿಂದಿರುಗಿದ ಮೇಲೆ ಆ ಮಕ್ಕಳಿಗೆ ಒಂದು ಪಿಯಾನೊ ಕಳಿಸಿಕೊಟ್ಟ. ಮರುವರ್ಷ ಆತ ಡೇಮಿಯನ್ ಪರವಾಗಿ ಬರೆದ ಬಹಿರಂಗ ಪತ್ರ ಲೋಕವೆಲ್ಲ ಸುತ್ತಿತು. ಪಿಯಾನೊದ ವಿಷಯ ಅಷ್ಟು ದೂರ ಹೋಗಲಿಲ್ಲ. ಬೆರಳು ಕಳೆದುಕೊಳ್ಳುತ್ತಿದ್ದ ಹುಡುಗಿಯರು ಅದನ್ನು ನುಡಿಸಿದರು, ಹಾಡಿದರು. ಹವಾಯಿಯನ್ನರಿಗೆ ಹಾಡಿಲ್ಲದ ಮನೆ ಮನೆಯೇ ಅಲ್ಲ.

ಬಟ್ಟೆಯ ವಿಚಾರ ಇಲ್ಲಿ ಬರಬೇಕು. ಸರ್ಕಾರ ಕೊಡುತ್ತಿದ್ದದ್ದು ಹೊದೆಯಲು ಸಾಕಾಗುವ ಒರಟು ಬಟ್ಟೆ. ಗಿರಣಿಯಲ್ಲಿ ಬೆಳೆದ ಮರಿಯಾನ್‌ಗೆ ಅದು ಸಾಲದು. ಒಳ್ಳೆಯ ಬಣ್ಣದ ತಾನುಗಳನ್ನು ತರಿಸಿದರು, ಆ ಕಾಲದ ಫ್ಯಾಷನ್ನಿಗೆ ತಕ್ಕಂತೆ ಕತ್ತರಿಸಿ ಹೊಲಿದರು, ಹುಡುಗಿಯರಿಗೂ ಹೊಲಿಗೆ ಕಸೂತಿ ಕಲಿಸಿದರು. ಕೊರಳಿಗೆ ಸ್ಕಾರ್ಫು, ಕೂದಲಿಗೆ ರಿಬ್ಬನ್ನು. ಮುಖ ಊದಿಕೊಂಡ, ಕಿವಿ ಜೋತುಬಿದ್ದ ಹದಿನೈದರ ಹುಡುಗಿಗೆ ಲಂಗದ ನೆರಿಗೆ ಸರಿಯಾಗಿ ಬಂದಿದೆಯೇ ಎಂದು ನೋಡುವ ಕಣ್ಣು ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಔಷಧವಿರಲಿಲ್ಲ, ವಾಸಿಯಾಗುವ ಆಸೆ ಇರಲಿಲ್ಲ, ಅಪ್ಪ ಅಮ್ಮ ಕಡಲಾಚೆ ಇದ್ದರು. ಭಾನುವಾರ ಚರ್ಚಿಗೆ ಹೋಗಲು ಒಂದು ಚೆಂದದ ಅಂಗಿ ಇತ್ತು. ಆಕೆ ಕೊಡಬಹುದಾಗಿದ್ದುದನ್ನು ಕೊಟ್ಟರು.

ಡೇಮಿಯನ್ ನೋಡಿಕೊಳ್ಳುತ್ತಿದ್ದ ಗಂಡುಹುಡುಗರ ನಿಲಯವೂ ಕೆಲವು ವರ್ಷ ಇವರ ಹೆಗಲಿಗೇ ಬಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದ ಜೋಸೆಫ್ ಡಟನ್ ಅಲ್ಲಿ ಜೊತೆಗಿದ್ದರು. 1886ರಲ್ಲಿ ಬಂದವರು 1931ರಲ್ಲಿ ಸಾಯುವ ತುಸು ಮುಂಚಿನವರೆಗೂ ಈ ಕೆಲಸ ಬಿಡಲಿಲ್ಲ. ಇತ್ತ ಹವಾಯಿಯ ಆಡಳಿತ ಮಗ್ಗುಲು ಬದಲಿಸುತ್ತಲೇ ಇತ್ತು. ರಾಜ ಹೋದ, ರಾಣಿಯನ್ನು 1893ರಲ್ಲಿ ಇಳಿಸಿದರು, ತಾತ್ಕಾಲಿಕ ಸರ್ಕಾರ ಬಂತು, ಗಣರಾಜ್ಯ ಬಂತು, 1898ರಲ್ಲಿ ಅಮೆರಿಕ ಇಡೀ ದ್ವೀಪಗಳನ್ನು ನುಂಗಿತು. ಕಲೌಪಾಪದ ಬಾವಿ, ಬ್ಯಾಂಡೇಜು, ಅಕ್ಕಿಗೆ ಮಾತ್ರ ಪ್ರತಿ ಸರ್ಕಾರಕ್ಕೂ ಹೊಸದಾಗಿ ಅರ್ಜಿ ಬರೆಯಬೇಕು. ಬರೆಯುವ ಕೈ ಅದೇ.

1918ರ ಆಗಸ್ಟ್ 9ರಂದು ಮರಿಯಾನ್ ತೀರಿಕೊಂಡರು. ಕೊನೆಯ ದಿನಗಳಲ್ಲಿ ಗಾಲಿಕುರ್ಚಿಯ ಮೇಲಿದ್ದರು; ಮೂತ್ರಪಿಂಡ ಮತ್ತು ಹೃದಯ ಕೈಕೊಟ್ಟಿದ್ದವು. ಬಿಷಪ್ ಹೋಮಿನ ಆವರಣದಲ್ಲಿ ಅವರನ್ನು ಹೂತರು.

ಆ ಸಮಾಧಿ ಈಗಲೂ ಇದೆ, ಆದರೆ ಒಳಗೆ ಅವರಿಲ್ಲ. 2005ರ ಆರಂಭದಲ್ಲಿ ಮೂಳೆಗಳನ್ನು ಹೊರತೆಗೆದು, ಅವರು ಎಂದೂ ಹಿಂದಿರುಗದ ಸಿರಕ್ಯೂಸಿಗೆ ಒಯ್ದರು. ಸಂತ ಪದವಿಯ ವಿಧಿವಿಧಾನ ಅದನ್ನು ಕೇಳುತ್ತಿತ್ತು. 2012ರ ಅಕ್ಟೋಬರ್ 21ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರನ್ನು ಸಂತರೆಂದು ಘೋಷಿಸಿದರು. ಡೇಮಿಯನ್‌ಗೆ ಆ ಪದವಿ ಮೂರು ವರ್ಷ ಮೊದಲೇ ಸಿಕ್ಕಿತ್ತು. 2014ರಲ್ಲಿ ಅವಶೇಷಗಳು ಮತ್ತೆ ಸಾಗರ ದಾಟಿ ಫೋರ್ಟ್ ಬೀದಿಯ ಕೆಥೆಡ್ರಲ್ ಸೇರಿದವು. ಭಕ್ತರಿಗೆ ಕೈಗೆಟಕುವ ಜಾಗ ಅದೇ ಎಂಬುದು ನಿಜ. ಆದರೂ, ಇದ್ದ ಜಾಗದಲ್ಲೇ ಇರುತ್ತೇನೆಂದು ಮೂವತ್ತು ವರ್ಷ ಹಟ ಹಿಡಿದವರನ್ನು ಸತ್ತ ಮೇಲೆ ಇಷ್ಟು ಓಡಾಡಿಸಬಾರದಿತ್ತು.

ಅವರ ಸಮಾಧಿಗೆ ಹೆಸರಾದರೂ ಇದೆ. ಇಲ್ಲಿಗೆ ಬಂದ ಸುಮಾರು 8,000 ಜನರಲ್ಲಿ ಗುರುತು ಸಿಗುವ ಸಮಾಧಿ ಸಾವಿರ ಚಿಲ್ಲರೆ ಮಂದಿಗೆ ಮಾತ್ರ. ಉಳಿದವರ ಮೇಲೆ ಹುಲ್ಲು ಬೆಳೆದಿದೆ, ಕೆಲವರ ಮೇಲೆ ಕಡಲಲೆಯೇ ಹಾದುಹೋಗಿದೆ. ಎಲ್ಲರ ಹೆಸರನ್ನೂ ಕೆತ್ತಿದ ಒಂದು ಸ್ಮಾರಕ ಬೇಕೆಂದು ಹಳೆಯ ರೋಗಿಗಳು ಮತ್ತು ಅವರ ವಂಶದವರು ಸೇರಿ ಕಟ್ಟಿದ ಸಂಘಟನೆ ಕೇಳಿತು. 2009ರಲ್ಲಿ ಅಮೆರಿಕದ ಸಂಸತ್ತು ಅದಕ್ಕೆ ಕಾಯಿದೆಯ ಒಪ್ಪಿಗೆ ಕೊಟ್ಟಿತು.

ಈ ಜಾಡಿನ ಕೊನೆಯ ನಿಲುಗಡೆ ಚರ್ಚಲ್ಲ, ಒಂದು ಮರ. ಅದಿರುವುದು ಹೊನೊಲುಲುವಿನ ಮನೋವಾ ಕಣಿವೆಯಲ್ಲಿ, ಹವಾಯಿ ವಿಶ್ವವಿದ್ಯಾಲಯದ ಆವರಣದಲ್ಲಿ. ಚಾಲ್ಮೂಗ್ರ ಮರ. ಇದೇ ಕುಲದ ಒಂದು ಜಾತಿ ನಮ್ಮ ಪಶ್ಚಿಮಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುತ್ತದೆ, ಅದೇ ಗರುಡಫಲ. ಸುಶ್ರುತ ಸಂಹಿತೆ ಪಡುವಣ ಕಡಲ ಸೀಮೆಯ ತುವರಕ ಎಂದು ಕರೆದು ಚರ್ಮರೋಗಕ್ಕೆ ಹೇಳಿದ್ದು ಈ ಬೀಜದ ಎಣ್ಣೆಯನ್ನೇ ಎನ್ನುತ್ತಾರೆ. ಎಣ್ಣೆ ಹತ್ತೊಂಬತ್ತನೆಯ ಶತಮಾನದಲ್ಲಿ ಕುಷ್ಠದ ಮದ್ದಾಗಿ ಲೋಕವೆಲ್ಲ ಸುತ್ತಿ ಹವಾಯಿಗೂ ಬಂತು. ಕುಡಿದರೆ ವಾಂತಿ, ಚುಚ್ಚಿದರೆ ಚರ್ಮದಡಿ ಗಂಟು. ಅದನ್ನು ರಕ್ತದಲ್ಲಿ ಬೆರೆಯುವ ಹಾಗೆ ಮಾಡುವ ವಿಧಾನ ಕಂಡುಹಿಡಿದವಳು ಆಲಿಸ್ ಬಾಲ್ ಎಂಬ ಕಪ್ಪು ಯುವತಿ, ಈ ವಿಶ್ವವಿದ್ಯಾಲಯ ಇನ್ನೂ ಕಾಲೇಜಾಗಿದ್ದಾಗ ಅಲ್ಲಿನ ರಸಾಯನಶಾಸ್ತ್ರ ಶಿಕ್ಷಕಿ. 1916ರ ಕೊನೆಯ ದಿನ ಇಪ್ಪತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡಳು. ಕೆಲಸದ ಕೀರ್ತಿಯನ್ನು ಕಾಲೇಜಿನ ಮುಖ್ಯಸ್ಥ ತನ್ನ ಹೆಸರಿಗೆ ಬರೆದುಕೊಂಡ. ಮರದ ಬುಡದಲ್ಲಿ ಅವಳ ಹೆಸರಿನ ಫಲಕ ಬಂದದ್ದು 2000ದಲ್ಲಿ. ನಿಜವಾದ ಮದ್ದು ಕಲೌಪಾಪಕ್ಕೆ ಮುಟ್ಟಿದ್ದು 1946ರಲ್ಲಿ, ಸಲ್ಫೋನ್ ಔಷಧಗಳ ರೂಪದಲ್ಲಿ. ಮರಿಯಾನ್ ತೀರಿಕೊಂಡು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು.

ಕಲೌಪಾಪ ಹಳೆಯ ಕಥೆ ಎಂದು ಕನ್ನಡ ಓದುಗರು ನಿಟ್ಟುಸಿರು ಬಿಟ್ಟು ಮುಗಿಸುವಂತಿಲ್ಲ. ರೋಗಿಗಳನ್ನು ಹಿಡಿದು ಕೂಡಿಹಾಕಲು ಬ್ರಿಟಿಷರು 1898ರಲ್ಲಿ ಮಾಡಿದ ಕಾಯಿದೆಯನ್ನು ಭಾರತ ರದ್ದುಪಡಿಸಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಬಂದಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗುವುದು ನಿಂತದ್ದು 2019ರಲ್ಲಿ. ನಪೆಲಾ ಹೆಂಡತಿಯ ಜೊತೆ ಹಡಗು ಹತ್ತಿ ಆಗಲೇ ನೂರನಲವತ್ತಾರು ವರ್ಷ ಕಳೆದಿತ್ತು. ದೇಶದಲ್ಲಿ ಈಗಲೂ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ರೋಗಿಗಳು ಪತ್ತೆಯಾಗುತ್ತಾರೆ, ಜಗತ್ತಿನ ಒಟ್ಟು ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು. ಆರು ತಿಂಗಳು ಅಥವಾ ಒಂದು ವರ್ಷದ ಗುಳಿಗೆಯಿಂದ ಪೂರ್ತಿ ವಾಸಿಯಾಗುವ ರೋಗವಿದು. ಮೈಮೇಲೆ ಮುಟ್ಟಿದರೆ ತಿಳಿಯದ ತಿಳಿಬಣ್ಣದ ಮಚ್ಚೆ ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಗುಳಿಗೆ ಅಲ್ಲಿ ಉಚಿತ.

ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಿಂದ ರಜೆಗೆಂದು ಹವಾಯಿಗೆ ಹಾರುವವರು ಈಗ ಕಡಿಮೆಯೇನಲ್ಲ. ವೈಕಿಕಿ ಕಡಲತೀರದಲ್ಲಿ ಕಳೆಯುವ ದಿನಗಳಲ್ಲಿ ಒಂದನ್ನು ಮೊಲೊಕಾಯಿಗೆ ಎತ್ತಿಡುವುದು ಕಷ್ಟವಲ್ಲ. ಫೋರ್ಟ್ ಬೀದಿಯ ಕೆಥೆಡ್ರಲ್‌ಗೂ ಪಾಲಾಔ ಬಂಡೆಯ ನೆತ್ತಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಕೆಳಗಿನ ಊರಿಗೆ ಮಾತ್ರ ಪರವಾನಗಿಯಿಲ್ಲದೆ ಇಳಿಯುವಂತಿಲ್ಲ. ಪ್ರವೇಶದ ಏರ್ಪಾಡು ಆಗಾಗ ಬದಲಾಗುತ್ತದೆ, ಉದ್ಯಾನದವರನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ನಿವಾಸಿಗಳ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ.